ಬಾವಿಯ ಸುತ್ತ ನೆಟ್ಟ ಕಿವಿಗಳು

ನೆಲದೊಳಗಿನ ಸದ್ದು ಕೇಳುವ ಕೆಲಸಕ್ಕೆ ಮೊದಲ ಶತ್ರು ಗಾಳಿ, ಎರಡನೆಯ ಶತ್ರು ಮನುಷ್ಯ. ಬೈಲಹೊಂಗಲ ದಾಟಿ ನಮ್ಮ ಸಾಲು ಮುರಗೋಡದ ಕಡೆ ಸರಿದ ಬೇಸಿಗೆಯಲ್ಲಿ ಎರಡೂ ಜೊತೆಯಾಗಿ ನಮ್ಮ ಬೆನ್ನು ಹತ್ತಿದ್ದವು. ತೊಂಬತ್ತರ ದಶಕದ ಕೊನೆಯ ಮಾತು. ಹೊತ್ತು ಸ್ವಲ್ಪ ಏರಿದರೆ ಸಾಕು, ಬಯಲಿನಲ್ಲಿ ಗಾಳಿ ಎದ್ದು ಒಣಗಿದ ಜೋಳದ ಕೂಳೆಗಳನ್ನು ಅಲ್ಲಾಡಿಸುತ್ತಿತ್ತು. ನಮ್ಮ ಯಂತ್ರದ ಕಾಗದದ ಮೇಲೆ ಅದೇ ಭೂಕಂಪದಂತೆ ಮೂಡುತ್ತಿತ್ತು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಿತ್ತೂರಿನ ಪಕ್ಕದಿಂದ ಹೊರಟು ಬೈಲಹೊಂಗಲ, ಸವದತ್ತಿ ಹಾಯ್ದು ರಾಮದುರ್ಗದವರೆಗೆ ಒಂದು ಗೆರೆ. ಆ ಗೆರೆಯುದ್ದಕ್ಕೂ ಜಿಯೋಫೋನುಗಳನ್ನು ನೆಡಬೇಕು. ಜಿಯೋಫೋನು ಅಂದರೆ ಮುಷ್ಟಿಯಷ್ಟು ದೊಡ್ಡ ಡಬ್ಬಿ, ಅದರ ತಳಕ್ಕೆ ಒಂದು ಮೊಳೆ. ನೆಲ ಕೂದಲೆಳೆಯಷ್ಟು ಅಲುಗಿದರೂ ಅದು ತಂತಿಯ ಮೂಲಕ ವ್ಯಾನಿಗೆ ಸುದ್ದಿ ಮುಟ್ಟಿಸುತ್ತದೆ. ಕೊರೆದ ರಂಧ್ರದ ತಳದಲ್ಲಿ ಮದ್ದು ಇಟ್ಟು ಹಾರಿಸಿದರೆ ಅಲೆ ಕೆಳಗಿಳಿಯುತ್ತದೆ. ಒಂದು ಬಗೆಯ ಕಲ್ಲು ಮುಗಿದು ಇನ್ನೊಂದು ಶುರುವಾಗುವ ಕಡೆಯಲ್ಲೆಲ್ಲ ಅದರ ಒಂದಿಷ್ಟು ಪಾಲು ಮರಳಿ ಮೇಲೆ ಬರುತ್ತದೆ. ಬಾವಿಯಲ್ಲಿ ಕೂಗಿದರೆ ಬಾವಿ ಓಗೊಡುವಂತೆ.

ಆದರೆ ಈ ಸೀಮೆಯ ಎರೆಮಣ್ಣಿನ ಕೆಳಗಿರುವುದು ಯಾವುದೋ ಕಾಲದ ಲಾವಾ ಆರಿ ಗಟ್ಟಿಯಾದ ಕಪ್ಪುಕಲ್ಲು, ಪದರದ ಮೇಲೆ ಪದರ. ಅದು ನಮ್ಮ ಸದ್ದನ್ನು ಮೇಲೆಯೇ ಹಿಡಿದು ಕಲಕಿಬಿಡುತ್ತದೆ. ಕೆಳಗಿಳಿಯುವುದು ಕಡಿಮೆ, ಮರಳಿ ಬರುವುದು ಇನ್ನೂ ಕಡಿಮೆ. ರಾಮದುರ್ಗದ ಕಡೆ ಗುಡ್ಡವಾಗಿ ನಿಂತ ಮರಳುಗಲ್ಲು ಈ ಕಪ್ಪುಕಲ್ಲಿನಡಿಯೂ ಹಾಸಿಕೊಂಡಿದೆಯೋ, ಅದರ ಕೆಳಗೆ ಭೂಮಿಯ ಚಿಪ್ಪು ಎಷ್ಟು ದಪ್ಪ, ಇದು ನಮ್ಮ ಪ್ರಶ್ನೆ. ಕೆಳಗಿನ ಉತ್ತರ ಬಹಳ ಕ್ಷೀಣ, ಬಹಳ ನಿಧಾನದ ಕಂಪನದ್ದು. ಹಾಗಾಗಿ ಮತ್ತೆ ಮತ್ತೆ ಹಾರಿಸಿ, ಬಂದ ದಾಖಲೆಗಳನ್ನು ಒಂದರ ಮೇಲೊಂದು ಕೂಡಿಸಿ, ಗದ್ದಲ ತೆಗೆದು ನೋಡಬೇಕು. ನೇಸರಗಿಯ ಚಹಾದಂಗಡಿಯಲ್ಲಿ ಒಬ್ಬರು ನನ್ನನ್ನು ಕೇಳಿದ್ದರು, ಎಣ್ಣೆಯೋ ಬಂಗಾರವೋ ಎಂದು. ಎರಡೂ ಅಲ್ಲ, ಹತ್ತಾರು ಮೈಲಿ ಆಳದಲ್ಲಿ ಏನಿದೆ ನೋಡುತ್ತಿದ್ದೇವೆ ಎಂದೆ. ಅವರು ಬಸಿಯಲ್ಲಿದ್ದ ಚಹಾ ಮುಗಿಸಿ, "ಇಲ್ಲೇ ಕಾಲ ಬುಡಕ ನೀರಿಲ್ಲ, ಅಷ್ಟು ತೆಳಗ ಹೋಗಿ ಏನ್ ಮಾಡ್ತೀರಿ ಬಿಡ್ರಿ" ಎಂದರು.

ತಂಡದಲ್ಲಿ ನಾನು ರೆಕಾರ್ಡಿಂಗ್ ವ್ಯಾನಿನ ಉಸ್ತುವಾರಿ. ರಾಮದುರ್ಗದ ಕಡೆಯವನಾದ್ದರಿಂದ ಕನ್ನಡ ಬಲ್ಲವನೂ ನಾನೊಬ್ಬನೇ. ಆದಕಾರಣ ರೈತರ ಒಪ್ಪಿಗೆ ಕೇಳುವುದು, ಬೈಗುಳ ತಿನ್ನುವುದು, ನಾಯಿ ಓಡಿಸುವುದು, ಇವೂ ನನ್ನ ಪಾಲಿಗೇ ಬರುತ್ತಿದ್ದವು. ಮುರಗೋಡದ ಆಚೆಯ ಒಂದು ಹಳ್ಳಿಯಲ್ಲಿ, ಹೆಸರು ಬೇಡ, ಕಾಗದದ ಮೇಲೆ ಒಂದು ಹೊಸ ಕಾಟ ಕಾಣಿಸಿತು. ಕೆಲವು ಜಿಯೋಫೋನುಗಳಲ್ಲಿ ಮಾತ್ರ ಚೂಪಾದ ಮೊನೆಗಳು, ಒಂದೇ ಲಯದಲ್ಲಿ. ಯಾರೋ ನೆಲದಡಿ ಕಲ್ಲು ಒಡೆಯುತ್ತಿದ್ದರು. ಶಪಿಸುತ್ತ ನಡೆದು ಹೋದೆ.

ಹಳ್ಳದ ದಂಡೆಯ ಹೊಲದಲ್ಲಿ ಹಳೆಯ ಬಾವಿಯೊಂದನ್ನು ಆಳ ಮಾಡುತ್ತಿದ್ದರು. ಬೇರೆ ಊರಿನಿಂದ ಬಂದ ಬಾವಿ ಕೆಲಸದ ಗ್ಯಾಂಗು, ನಾಲ್ಕಾರು ಕುಟುಂಬ. ಬಾವಿಯ ಬಾಯಿಗೆ ಅಡ್ಡ ತೊಲೆ, ತೊಲೆಗೆ ಗಡಗಡಿ, ಅದರ ಮೇಲೆ ಹಗ್ಗ. ಹಗ್ಗದ ಈ ತುದಿಯನ್ನು ಗೂಟಕ್ಕೆ ಒಂದು ಸುತ್ತು ಹಾಕಿ ಹಿಡಿದು ನಿಂತವಳು ಒಬ್ಬ ಹೆಂಗಸು, ಮೂವತ್ತರ ಒಳಗಿನವಳು. ಕೆಳಗಿದ್ದವನು ಅವಳ ಗಂಡ. ನಾನು ಮಾತಾಡಿಸಿದೆ. ಅವಳು ನನ್ನತ್ತ ತಿರುಗಲೇ ಇಲ್ಲ. ಇತ್ತ ಬಾ ತಂಗಿ, ಎರಡು ಮಾತಿದೆ ಎಂದೆ.

"ಮೂರು ಬಡದಾರ್ರಿ," ಎಂದಳು. "ಅವರ ಕೈ ದಂಡಿ ಮುಟ್ಟೂತನಕ ಹಗ್ಗ ಬಿಡಂಗಿಲ್ರಿ."

ಆಮೇಲೆ ಗ್ಯಾಂಗಿನ ಹಿರಿಯ ಬಿಡಿಸಿ ಹೇಳಿದ. ಕೆಳಗೆ ಹಾರೆ ಬಡಿಯುವ ಸದ್ದಿನಲ್ಲಿ, ದೂಳಿನಲ್ಲಿ ಕೂಗಿದ್ದು ತಿಳಿಯುವುದಿಲ್ಲ. ಅದಕ್ಕೇ ಬಡಿತದ ಮಾತು. ಹಾರೆಯಿಂದ ಕಲ್ಲಿಗೆ ಒಂದು ಬಡಿದರೆ ಬುಟ್ಟಿ ಎಳೆಯಿರಿ. ಎರಡು ಬಡಿದರೆ ಎಲ್ಲ ನಿಲ್ಲಿಸಿ, ಏನನ್ನೂ ಮುಟ್ಟಬೇಡಿ. ಮೂರು ಬಡಿದರೆ ನಾನು ಮೇಲೆ ಬರುತ್ತಿದ್ದೇನೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗೋಡೆಯ ಮೆಟ್ಟುಗುಳಿಗಳಲ್ಲಿ ಅವನು ಏರಿದಂತೆ, ಮೇಲಿನವರು ಹಗ್ಗದ ಸಡಿಲವನ್ನು ಎಳೆದುಕೊಳ್ಳುತ್ತಿರಬೇಕು. ಮೇಲೆ ಬಂದವನು ದಂಡೆಯ ಕಲ್ಲಿಗೆ ಕೈ ಹಚ್ಚಿ "ಬಂದ್ನಿ" ಅನ್ನಬೇಕು. ಅಲ್ಲಿಯವರೆಗೆ ಹಗ್ಗ ಬಿಟ್ಟವರು ಆ ಗ್ಯಾಂಗಿನಲ್ಲಿ ಉಳಿಯುವುದಿಲ್ಲ. ನೋಡುತ್ತಿದ್ದಂತೆ ಮಣ್ಣು ಮೆತ್ತಿದ ಒಂದು ಕೈ ಮೇಲೆ ಬಂದು ಕಲ್ಲಿಗೆ ಹತ್ತಿತು. "ಬಂದ್ನಿ" ಎಂದ. ಹೆಂಗಸು ಹಗ್ಗ ಬಿಟ್ಟು, ಸೆರಗಿನಿಂದ ಅಂಗೈ ಒರೆಸಿಕೊಂಡು, "ಈಗ ಹೇಳ್ರಿ" ಎಂದಳು.

ಹೇಳಿದೆ. ನಮ್ಮ ಕೆಂಪು ಬಾವುಟ ಏರಿದಾಗ ಎಲ್ಲರೂ ಬಾವಿಯಿಂದ ಹೊರಗಿರಬೇಕು, ಬಡಿತ ನಿಲ್ಲಿಸಬೇಕು, ಬಾವುಟ ಇಳಿದ ಮೇಲೆ ನಿಮ್ಮ ಕೆಲಸ ನಿಮಗೆ ಎಂದು. ನಮ್ಮ ಮದ್ದಿನ ರಂಧ್ರಗಳು ಬಾವಿಯಿಂದ ನಿಯಮದಲ್ಲಿ ಹೇಳಿದ್ದಕ್ಕಿಂತ ಬಹಳ ದೂರದಲ್ಲಿದ್ದವು. ಆದರೂ ಆ ಎಚ್ಚರಿಕೆ ನಮ್ಮ ಪದ್ಧತಿ. ಅವರು ಒಪ್ಪಿದರು. ಗಂಡನಾದವನು ನಕ್ಕು, "ನಮ್ಮ ಬಡತ ನಿಮಗ ಅಷ್ಟು ದೂರ ಕೇಳತೈತೇನ್ರಿ?" ಎಂದು ಕೇಳಿದ. ಹೌದು, ನಿನ್ನ ಹಾರೆ ನನ್ನ ಊಟ ಕೆಡಿಸಿದೆ ಎಂದೆ. ಅವನಿಗೆ ಅದು ಬಹಳ ಹಿಡಿಸಿತು.

ಅನಾಹುತದ ದಿನ ನಾವು ಒಂದೂ ಮದ್ದು ಹಾರಿಸಿರಲಿಲ್ಲ. ಬೆಳಗಿನಿಂದಲೇ ಗಾಳಿ. ರಂಧ್ರಗಳಿಗೆ ಮದ್ದು ತುಂಬಿ ಆಗಿತ್ತು, ಕೇಬಲ್ಲು ಹಾಸಿ ಆಗಿತ್ತು, ಗಾಳಿ ಇಳಿಯಲೆಂದು ವ್ಯಾನಿನಲ್ಲಿ ಕಾಯುತ್ತ ಪರದೆ ನೋಡುತ್ತಿದ್ದೆ. ಬಾವಿಯ ಕಡೆಯ ಜಿಯೋಫೋನುಗಳಲ್ಲಿ ಒಮ್ಮೆ ದಪ್ಪನೆಯ ಅಲೆಯೊಂದು ಎದ್ದು ಸ್ವಲ್ಪ ಹೊತ್ತು ಒದ್ದಾಡಿ ಅಡಗಿತು. ಟ್ರಾಕ್ಟರಿನಿಂದ ಕಲ್ಲು ಸುರಿದರೇನೋ ಅಂದುಕೊಂಡೆ. ಆಮೇಲೆ ನನ್ನನ್ನು ದಿನಗಟ್ಟಲೆ ಕಾಡಿದ್ದ ಆ ಮೊನೆಗಳೂ ನಿಂತವು. ಸದ್ಯ, ಪೀಡೆ ತೊಲಗಿತು, ಇನ್ನು ಗಾಳಿಯೊಂದು ಇಳಿದರೆ ಸಾಕು ಎಂದು ಪಕ್ಕದವನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ನಮ್ಮ ಕೆಂಪು ಬಾವುಟ ಹಿಡಿಯುವವನು ಏದುಸಿರು ಬಿಡುತ್ತ ಬಂದ. ಬಾವಿಯ ಹಳೆಯ ಕಲ್ಲುಗೋಡೆ ಒಂದು ಮಗ್ಗುಲು ಕುಸಿದು ತಳ ಮುಚ್ಚಿತ್ತು. ಕೆಳಗೆ ಆ ಹೆಂಗಸಿನ ಗಂಡನೊಬ್ಬನೇ ಇದ್ದ.

ನನಗೆ ಥಟ್ಟನೆ ಹೊಳೆದದ್ದು ಒಂದೇ. ಅಷ್ಟು ದೂರದಿಂದ ಅವನ ಹಾರೆಯ ಬಡಿತ ನನಗೆ ಕಾಣುತ್ತಿತ್ತು. ಅವನಿನ್ನೂ ಬಡಿಯುತ್ತಿದ್ದರೆ, ಬಾವಿಯ ಸುತ್ತಲೇ ಜಿಯೋಫೋನು ನೆಟ್ಟರೆ, ಕಾಣಲೇಬೇಕು. ತಂಡದ ಮುಖ್ಯಸ್ಥರಿಗೆ ವಾಕಿಟಾಕಿಯಲ್ಲಿ ಹೇಳಿದೆ. ಸಾಲು ಬಿಚ್ಚಿದರೆ ಅಂದಿನ ಕೆಲಸ ಹೋಯಿತು, ಮದ್ದು ತುಂಬಿದ ರಂಧ್ರಗಳನ್ನು ಕಾಯಲು ಜನ ಬೇಕು. ಕೊನೆಗೆ ತಮ್ಮ ಹಿಂದಿಯಲ್ಲಿ ಇಷ್ಟೇ ಅಂದರು: ರಂಧ್ರಕ್ಕೊಬ್ಬನನ್ನು ಕೂರಿಸು, ಉಳಿದದ್ದೆಲ್ಲ ತೆಗೆದುಕೊಂಡು ಹೋಗು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವಂತೆ ಹಾಸಿದ್ದ ಸಾಲು ಕ್ಷಣದಲ್ಲಿ ಜೀಪು ಸೇರಿತು.

ಹೊಲದಲ್ಲಿ ಊರಿಗೆ ಊರೇ ನೆರೆದಿತ್ತು. ವ್ಯಾನಿಗೆ ಅಡ್ಡ ನಿಂತ ಮುದುಕರೊಬ್ಬರು, "ಭೂಮಿ ನಡುಗಿಸಿದವ್ರು ನೀವ ಅಲ್ಲೇನು?" ಎಂದರು. ಅಂದು ನಾವು ಹಾರಿಸಿರಲಿಲ್ಲ, ಹಿಂದೆ ಹಾರಿಸಿದ್ದೂ ದೂರದಲ್ಲಿ. ಗೋಡೆಯ ಹಿಂದೆ ಜಿನುಗಿದ ನೀರು ಅಲ್ಲಿನ ಗರಸನ್ನು, ಅಂದರೆ ಹರಳು ಬೆರೆತ ಗಟ್ಟಿಮಣ್ಣನ್ನು, ಸಡಿಲಿಸಿತ್ತೆಂದು ಆಮೇಲೆ ನೋಡಿದವರೆಲ್ಲ ಹೇಳಿದರು. ಲೆಕ್ಕ ನಮ್ಮ ಕಡೆಗಿತ್ತು. ಆದರೆ ಅದನ್ನು ಹೇಳುತ್ತ ನಿಲ್ಲಲಿಲ್ಲ. ದಾರಿ ಬಿಡಿ, ಅವನ ಸದ್ದು ಕೇಳಲು ಬಂದಿದ್ದೇವೆ ಎಂದೆ. ಬಿಟ್ಟರು.

ಹೊಲದ ಯಜಮಾನ, ಅವನ ಇಬ್ಬರು ಮಕ್ಕಳು, ಗ್ಯಾಂಗಿನ ಗಂಡಸರು ಬಾವಿಗಿಳಿದು ಕಲ್ಲು ಎತ್ತಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದರು. ಅವಳು ಬುಟ್ಟಿಯ ಹಗ್ಗ ಎಳೆಯುತ್ತಿದ್ದಳು. ಅಳುತ್ತಿರಲಿಲ್ಲ. ನಾವು ಬಾವಿಯ ಸುತ್ತ ಒಂದು ಬಳೆಯಂತೆ, ಅಲ್ಲಿಂದ ಹಳ್ಳದ ದಂಡೆಯವರೆಗೆ ಒಂದು ಸಾಲಿನಂತೆ ಜಿಯೋಫೋನು ನೆಟ್ಟು, ಗಾಳಿ ತಾಗದಂತೆ ಒಂದೊಂದರ ಮೇಲೂ ಬೊಗಸೆ ಮಣ್ಣು ಎಳೆದೆವು. ಕಪ್ಪುಕಲ್ಲಿನಡಿಯ ಉತ್ತರಕ್ಕಾಗಿ ನಾವು ಯಾವಾಗಲೂ ನಿಧಾನದ ಕಂಪನಗಳನ್ನು ಜೋಪಾನ ಮಾಡಿ ಚೂಪಾದ ಸದ್ದುಗಳನ್ನು ಎಸೆಯುತ್ತಿದ್ದೆವು. ಅಂದು ಯಂತ್ರದ ಸೋಸುವಿಕೆಯನ್ನು ತಿರುಗಾಮುರುಗಾ ಮಾಡಿದೆ. ಆಳದ್ದೆಲ್ಲ ಹೋಗಲಿ, ಹತ್ತಿರದ ಬಡಿತ ಉಳಿಯಲಿ.

ಮೊದಲ ದಾಖಲೆಯಲ್ಲಿ ಕರೆಂಟಿನ ಗುಂಯ್ ಬಿಟ್ಟರೆ ಏನೂ ಇಲ್ಲ. ಪಂಪಿನ ಲೈನು ಬಂದ್ ಮಾಡಿಸಲು ಒಬ್ಬ ಮೋಟಾರುಸೈಕಲ್ಲಿನಲ್ಲಿ ಮುರಗೋಡಕ್ಕೆ ಓಡಿದ. ಕರೆಂಟು ಹೋಯಿತು. ಆಗ ಕಾಗದದ ಮೇಲೆ ಒಂದೇ ಸಮನೆಯ ಬಡಿತ ಮೂಡಿತು. ನಾನು ಬಾಯ್ತಪ್ಪಿ "ಬಂತು" ಅಂದೆ. ಜನರಲ್ಲಿ ಒಂದು ಅಲೆ ಹರಿದುಹೋಯಿತು, ಅವಳು ಹಗ್ಗ ಹಿಡಿದಲ್ಲಿಂದಲೇ ನನ್ನನ್ನು ನೋಡಿದಳು. ಆದರೆ ಆ ಲಯ ಮನುಷ್ಯನದಾಗಿರಲಿಲ್ಲ. ಹಳ್ಳದಾಚೆ ಯಾರದೋ ಆಯಿಲ್ ಎಂಜಿನ್ನು ನೀರೆತ್ತುತ್ತಿತ್ತು. ಅದನ್ನೂ ನಿಲ್ಲಿಸಿದೆವು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಇನ್ನು ಉಳಿದದ್ದು ಜನ. ನಿಂತವನು ಕಾಲು ಬದಲಿಸುತ್ತಲೇ ಇರುತ್ತಾನೆ, ಪ್ರತಿ ಹೆಜ್ಜೆಯೂ ನನಗೆ ಗದ್ದಲ. ಗ್ಯಾಂಗಿನ ಹಿರಿಯ ಎಲ್ಲರನ್ನೂ ಇದ್ದಲ್ಲೇ ಕೂರಿಸಿದ. ಎತ್ತುಗಳನ್ನು ಆಚೆ ಹೊಡೆದರು. ಬಾವಿಯೊಳಗಿನವರೂ ಕೈ ತಡೆದು ನಿಂತರು. ಅಷ್ಟು ಜನ ಕೂತ ಹೊಲ ಅಷ್ಟು ಸುಮ್ಮನಾದದ್ದನ್ನು ನಾನು ಮತ್ತೆ ಕಂಡಿಲ್ಲ. ಹಿರಿಯ ದಂಡೆಯ ಕಲ್ಲಿಗೆ ಹಾರೆಯಿಂದ ಒಮ್ಮೆ ಬಡಿದ. ಕಾದೆವು.

ಕಾಗದದಲ್ಲಿ ಎರಡು ಮೊನೆಗಳು ಮೂಡಿದವು. ಸಣ್ಣವು, ಆದರೆ ಹತ್ತಿರ ಹತ್ತಿರ. ಸ್ವಲ್ಪ ಬಿಟ್ಟು ಮತ್ತೆ ಎರಡು. ಮತ್ತೆ ಎರಡು. ಈ ಸಲ ನಾನು ಕೂಗಲಿಲ್ಲ. ಇಳಿದು ಹೋಗಿ ಅವಳಿಗೂ ಹಿರಿಯನಿಗೂ ಮೆಲ್ಲಗೆ ಹೇಳಿದೆ, ಜೀವ ಇದೆ, ಎರಡೆರಡು ಬಡಿಯುತ್ತಿದ್ದಾನೆ ಎಂದು.

ಯಜಮಾನ ಅಷ್ಟು ಕೇಳಿದ್ದೇ ತಡ, ಬಾವಿಯೊಳಗಿನವರಿಗೆ ಬೇಗ ಬೇಗ ಎತ್ತಿರೆಂದು ಕೂಗಿದ. ಅವಳು ಬುಟ್ಟಿಯ ಹಗ್ಗವನ್ನು ಗೂಟಕ್ಕೆ ಬಿಗಿದು ಅವನ ಮುಂದೆ ಬಂದು ನಿಂತಳು.

"ಎರಡು ಬಡದ್ರ ನಿಲ್ಲಸ್ರಿ ಅಂತ್ರೀ ಯಜಮಾನ್ರ. ನಮ್ಮನಿಯವ್ರು ಹೇಳಾಕತ್ತಾರ. ಒಳಗಿದ್ದ ಮಂದೀನ ಹೊರಗ ಕರೀರಿ."

"ಈಗ ನಿಲ್ಲಿಸಿದ್ರ ನಾವ ಕೊಂದಂಗ ಆಕ್ಕೈತಿ, ತಂಗಿ." ಅವನ ಅಂಗೈಗಳು ಸುಲಿದು ರಕ್ತ ಬಂದಿತ್ತು. ಅವನೇನು ಕೆಟ್ಟವನಲ್ಲ. ಕಣ್ಣೆದುರು ಕಲ್ಲಿನ ರಾಶಿ, ಅದರಡಿ ಮನುಷ್ಯ. ಎತ್ತಬೇಡಿ ಅಂದರೆ ಯಾರ ಮನಸ್ಸು ಒಪ್ಪೀತು?

ಅವಳು ನನ್ನತ್ತ ತಿರುಗಿ, ಅವನೆಲ್ಲಿದ್ದಾನೆಂದು ನಿಮ್ಮ ಯಂತ್ರ ಹೇಳುತ್ತದೆಯೇ ಎಂದು ಕೇಳಿದಳು. ಹೇಳಬಲ್ಲದು. ಸದ್ದು ಹತ್ತಿರದ ಜಿಯೋಫೋನಿಗೆ ಮೊದಲು ಮುಟ್ಟುತ್ತದೆ, ದೂರದ್ದಕ್ಕೆ ಕೂದಲೆಳೆಯಷ್ಟು ತಡವಾಗಿ. ಗೊತ್ತಿರುವ ಜಾಗಗಳಲ್ಲಿ ನಾವೇ ಸುತ್ತಿಗೆ ಬಡಿದು, ಈ ಗರಸಿನಲ್ಲಿ ಸದ್ದು ಎಷ್ಟು ವೇಗವಾಗಿ ಓಡುತ್ತದೆಂದು ನೋಡಿಕೊಂಡೆವು. ಆಮೇಲೆ ಅವನ ಬಡಿತಗಳನ್ನು, ದಿನವೂ ಮದ್ದು ಹಾರಿಸಿದ ದಾಖಲೆಗಳನ್ನು ಮಾಡುವಂತೆಯೇ, ಒಂದರ ಮೇಲೊಂದು ಕೂಡಿಸಿದೆ. ಬಾವಿಯ ಬಳೆಯಲ್ಲಿ ಅವು ತಡವಾಗಿದ್ದವು. ಹಳ್ಳದ ಕಡೆಯ ಸಾಲಿನಲ್ಲಿ ಮೊದಲು ಮುಟ್ಟಿದ್ದವು. ಅವನು ಬಾವಿಯ ತಳದಲ್ಲಿ ಇರಲೇ ಇಲ್ಲ.

ಹಿರಿಯ ತಲೆಗೆ ಕೈ ಹಚ್ಚಿದ. ತಳಕ್ಕಿಂತ ಮೇಲೆ, ನೀರಿನ ಜಿನುಗು ಹಿಡಿದು ಹಳ್ಳದ ಕಡೆಗೆ ಒಂದು ಅಡ್ಡ ಸುರಂಗ ಕೊರೆಯುತ್ತಿದ್ದರಂತೆ; ಅಂದಿನ ಕೆಲಸ ಮಾತ್ರ ತಳದಲ್ಲೆಂದೇ ಎಲ್ಲರೂ ತಿಳಿದಿದ್ದರು. ಅವನು ಸೊಂಟದ ಹಗ್ಗ ಬಿಚ್ಚಿಟ್ಟು ಅದರೊಳಗೆ ಹೋಗಿರಬೇಕು. ಈಗ ಎಲ್ಲವೂ ಅರ್ಥವಾಯಿತು. ಬಾವಿಯಲ್ಲಿ ಕೆಳಗಿನಿಂದ ಎತ್ತಿದ ಒಂದೊಂದು ಕಲ್ಲಿಗೂ ಮೇಲಿನ ರಾಶಿ ಜಾರಿ ಸುರಂಗದ ಬಾಯಿಗೆ ನುಗ್ಗುತ್ತಿತ್ತು. ಅವನನ್ನು ಉಳಿಸಲೆಂದು ಎತ್ತಿದಷ್ಟೂ ಕಲ್ಲು ಅವನ ಮೇಲೆಯೇ ಬೀಳುತ್ತಿತ್ತು. ಯಜಮಾನ ಇನ್ನೂ ಅನುಮಾನಿಸುತ್ತಿದ್ದ. ಅವಳು ಬಾವಿಯ ದಂಡೆಗೆ ಹೋಗಿ, ಒಳಗಿದ್ದವರಿಗೆ ಮೇಲೆ ಬನ್ನಿರೆಂದಳು. ಗ್ಯಾಂಗಿನವರು ಬಂದರು. ಅವರ ಹಿಂದೆ ಯಜಮಾನನ ಮಕ್ಕಳೂ ಬಂದರು.

ಹಳ್ಳದ ದಂಡೆಯಿಂದ ಅಡ್ಡಲಾಗಿ ಕೊರೆಯುವುದೆಂದಾಯಿತು. ಮೇಲಿನ ನೆಲಕ್ಕೆ ಸುಣ್ಣ ಹಾಕಿ ಅವನಿರುವ ಜಾಗ ತೋರಿಸಿದವನು ನಾನು. ಜೀವನದಲ್ಲಿ ಅಷ್ಟು ಭಯದಿಂದ ಇನ್ನೊಂದು ಗುರುತು ಹಾಕಿಲ್ಲ. ಗರಸು ಮೆತ್ತಗಿತ್ತು, ಸರದಿಯ ಮೇಲೆ ಕೊರೆದರು. ಆಗಾಗ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿ ದಾಖಲೆ ತೆಗೆಯುತ್ತಿದ್ದೆ. ಅವನು ಎರಡು ಬಡಿಯುವುದನ್ನು ನಿಲ್ಲಿಸಿದ್ದ. ಒಂದೊಂದೇ ಬಡಿಯುತ್ತಿದ್ದ, ಕೆಲಸದ ಬಡಿತದಂತೆ. ಬುಟ್ಟಿ ಎಳೆಯಿರಿ, ನಡೆಸಿ ಅನ್ನುತ್ತಾನೆ ಎಂದು ಹಿರಿಯ ಹೇಳಿದ.

ಅಷ್ಟರಲ್ಲಿ ಕಪ್ಪುಕಲ್ಲಿನ ದೊಡ್ಡ ಗುಂಡೊಂದು ಅಡ್ಡ ಬಂತು. ಹಾರೆಗೆ ಕಿಡಿ ಬಿತ್ತೇ ಹೊರತು ಕಲ್ಲು ಅಲುಗಲಿಲ್ಲ. ನಮ್ಮ ಇನ್ನೊಂದು ಜೀಪಿನ ತುಂಬ ಮದ್ದಿತ್ತು. ಅದರಲ್ಲಿ ಒಂದು ಕಡ್ಡಿಯನ್ನೂ ಮುಟ್ಟುವಂತಿರಲಿಲ್ಲ, ಮುಟ್ಟಿದರೆ ಸುರಂಗವೇ ಕುಸಿಯುತ್ತಿತ್ತು. ಬಳಸಿಕೊಂಡು ಹೋಗಬೇಕಾಯಿತು. ಹೊತ್ತು ಇಳಿಯತೊಡಗಿತ್ತು. ಅದರೊಂದಿಗೆ, ಬೆಳಗಿನಿಂದ ನಾನು ಕಾದಿದ್ದ ಗಾಳಿಯೂ ಇಳಿಯಿತು.

ಗಾಳಿ ಇಳಿದ ಮೇಲೆ ತೆಗೆದ ದಾಖಲೆಯಲ್ಲಿ ಮೂರು ಮೊನೆಗಳಿದ್ದವು. ಅನುಮಾನಕ್ಕೆ ಎಡೆಯೇ ಇಲ್ಲದಂತೆ, ಮೂರು. ಓಡಿಹೋಗಿ ಹೇಳಿದೆ. ಕೊರೆಯುವವರ ಹಾರೆಯ ಸದ್ದು ಅವನಿಗೆ ಕೇಳಿಸಿದೆ, ಹೊರಬರಲು ಸಿದ್ಧನಾಗಿದ್ದಾನೆ ಎಂದರು ಜನ. ಕೆಲವರು ಕೈ ಮುಗಿದರು. ಅವಳು ಹಳ್ಳದ ಕಡೆಗೆ ಹೋಗಲಿಲ್ಲ. ಬಾವಿಯ ಹತ್ತಿರ ನಡೆದು, ಗಡಗಡಿಯ ಮೇಲೆ ಇಳಿಬಿದ್ದಿದ್ದ ಅವನ ಸೊಂಟದ ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ ಹಿಡಿದು ನಿಂತಳು. ಆ ಹಗ್ಗದ ಕೆಳತುದಿ ಕಲ್ಲಿನಡಿ ಎಲ್ಲೋ ಹೂತಿತ್ತು.

ಆಮೇಲೆ ನಾನು ತೆಗೆದ ದಾಖಲೆಗಳೆಲ್ಲ ಸಪಾಟಾಗಿದ್ದವು. ಅಷ್ಟು ಸ್ವಚ್ಛವಾದ ಕಾಗದ ಆ ಸಾಲಿನಲ್ಲಿ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಮುಂದೆ ಸವದತ್ತಿ ದಾಟಿ ರಾಮದುರ್ಗ ಮುಟ್ಟುವ ಹೊತ್ತಿಗೆ ಕಪ್ಪುಕಲ್ಲಿನಡಿಯ ಉತ್ತರವೂ ನಮಗೆ ಒಂದಿಷ್ಟು ಸಿಕ್ಕಿತು, ಮೆಚ್ಚಿದವರೂ ಇದ್ದರು. ನನಗೆ ಮಾತ್ರ ಆ ಸಂಜೆಯಿಂದ ಗದ್ದಲವಿಲ್ಲದ ದಾಖಲೆ ಕಂಡರೆ ಎದೆ ಝಲ್ಲೆನ್ನುತ್ತದೆ. ಅಂದು ಯಂತ್ರದ ಸೂಕ್ಷ್ಮತೆ ಏರಿಸಿದೆ, ಸೋಸುವುದನ್ನು ಬದಲಿಸಿದೆ, ತಂತಿಯ ಗಂಟುಗಳನ್ನೆಲ್ಲ ಮತ್ತೆ ಬಿಗಿದೆ. ಯಂತ್ರ ಸರಿಯಾಗಿಯೇ ಇತ್ತು.

ಅವಳ ಬಳಿಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅವಳೇ ಕೇಳಿದಳು.

"ಕೇಳಾಕತ್ತೈತೇನ್ರಿ, ಅಣ್ಣಾರ?"

"ಈಗ ಕೇಳವಲ್ದು, ತಂಗಿ."

ತಲೆಯಾಡಿಸಿದಳು. "ಮೂರು ಬಡದಾರ್ರಿ," ಎಂದಳು, ನನಗೆ ನಿಯಮ ತಿಳಿದಿಲ್ಲವೆಂಬಂತೆ.

ಕತ್ತಲಾಗುವ ಮೊದಲೇ ತೂತು ಬಿತ್ತು. ಅವನು ನನ್ನ ಸುಣ್ಣದ ಗುರುತಿನ ಕೆಳಗೇ ಇದ್ದ, ತೋಳಿನಳತೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಸೊಂಟದಿಂದ ಕೆಳಗೆ ಕಲ್ಲು, ಹಾರೆ ಇನ್ನೂ ಕೈಯಲ್ಲಿ. ಮೈ ಬೆಚ್ಚಗಿತ್ತು. ಉಸಿರಿರಲಿಲ್ಲ. ಆ ಗುಂಡುಗಲ್ಲು ಅಡ್ಡ ಬಾರದಿದ್ದರೆ, ಎಂದು ಮುರಗೋಡದಿಂದ ಬಂದ ಡಾಕ್ಟರು ಏನೋ ಹೇಳಲು ಹೊರಟು ನಿಲ್ಲಿಸಿದರು.

ಹಳ್ಳದಿಂದ ಹೊಲಕ್ಕೆ ತಂದು ಬೇವಿನ ಗಿಡದಡಿ ಕಂಬಳಿ ಹಾಸಿ ಮಲಗಿಸಿದರು. ಹೆಂಗಸರ ಅಳು ಎದ್ದಿತು. ಅವಳನ್ನು ಕರೆದರು, ಅವಳು ಬರಲಿಲ್ಲ. ಹಗ್ಗ ಹಿಡಿದು ಬಾವಿಯ ಕಡೆಗೇ ಮುಖ ಮಾಡಿ ನಿಂತಿದ್ದಳು. ಇಬ್ಬರು ಹೋಗಿ ತೋಳು ಹಿಡಿದು ಎಳೆದರು, ಬೆರಳು ಬಿಡಿಸಲು ನೋಡಿದರು, ಆಗಲಿಲ್ಲ. ಬುದ್ಧಿಗೆ ಏನೋ ಆಯಿತೆಂದು ಯಾರೋ ಅಂದರು. ಗ್ಯಾಂಗಿನ ಹಿರಿಯ ಅವರನ್ನು ಗದರಿಸಿ ದೂರ ಕಳಿಸಿದ.

ಆಮೇಲೆ ಅವನು ತನ್ನವರಿಗೆ ಏನೋ ಹೇಳಿದ. ನಾಲ್ವರು ಕಂಬಳಿಯ ಮೂಲೆ ಹಿಡಿದು ಮಲಗಿದ್ದವನನ್ನು ಬಾವಿಯ ಬಳಿಗೆ ಹೊತ್ತು ತಂದು, ದಂಡೆಗೆ ತಾಗಿಸಿ ಇಳಿಸಿದರು. ಹಿರಿಯ ಮೊಣಕಾಲೂರಿ, ಮಣ್ಣು ಮೆತ್ತಿದ ಆ ಬಲಗೈಯನ್ನು ಎತ್ತಿ, ದಂಡೆಯ ಕಲ್ಲಿನ ಮೇಲೆ ಅಂಗೈ ಹತ್ತುವಂತೆ ಇಟ್ಟು, ತನ್ನ ಕೈಯನ್ನು ಅದರ ಮೇಲೊತ್ತಿ ಹಿಡಿದ.

ಅವಳು ಕೈಯನ್ನು ನೋಡಿದಳು. ಇನ್ನೂ ಕಾಯುತ್ತಿದ್ದಳು.

"ಬಂದಾನವ್ವಾ," ಎಂದ ಹಿರಿಯ. "ಹಗ್ಗ ಬಿಡು."

ಅವಳು ಗೂಟದ ಸುತ್ತು ಬಿಚ್ಚಿ ಹಗ್ಗ ಬಿಟ್ಟಳು. ಅದು ಗಡಗಡಿಯ ಮೇಲೆ ಸರಸರನೆ ಓಡಿ ಬಾವಿಯೊಳಗೆ ಬಿತ್ತು.